ಕೇಬಲ್ ಟ್ರೇ ಲೆಕ್ಕ ಆಂಕರ್ ಮುಟ್ಟುವ ತನಕ

ಕರೆಂಟ್ ಕೇಬಲ್‌ಗಳನ್ನು ಹೊರುವ ತಗಡಿನ ಕೇಬಲ್ ಟ್ರೇ ಕುಸಿದುಬಿದ್ದ ಜಾಗದಲ್ಲಿ ಟ್ರೇಯೇ ತುಂಡಾಗಿರುವುದು ಅಪರೂಪ. ಸ್ಲ್ಯಾಬಿನಿಂದ ಕಿತ್ತುಬಂದ ಆಂಕರ್ ಫಾಸ್ಟನರ್ (ಕಾಂಕ್ರೀಟಿನೊಳಗೆ ಕಚ್ಚಿ ಹಿಡಿಯುವ ಬೋಲ್ಟು), ಬಾಯಿಬಿಟ್ಟ ಕಪ್ಲರ್ ಪ್ಲೇಟು (ಎರಡು ಟ್ರೇ ತುಂಡು ಸೇರಿಸುವ ಪಟ್ಟಿ), ಗೋಡೆಯ ಬ್ಲಾಕನ್ನು ಸೀಳಿಕೊಂಡು ಕೆಳಗೆ ಜೋತ ಬ್ರಾಕೆಟ್ಟು, ಕಣ್ಣಿಗೆ ಬೀಳುವುದು ಇವೇ. ಆದರೂ ಖರೀದಿ ಹೊತ್ತಿನಲ್ಲಿ ಚರ್ಚೆಯೆಲ್ಲ ತಗಡಿನ ದಪ್ಪದ ಮೇಲೆಯೇ ನಡೆಯುತ್ತದೆ: 1.6 ಮಿ.ಮೀ ಸಾಕೋ, 2 ಮಿ.ಮೀ ಬೇಕೋ. ಸಪೋರ್ಟಿನ ವಿಷಯ ಬಂದಾಗ ‘ಒಂದೂವರೆ ಮೀಟರಿಗೊಂದು ಹಾಕಿಬಿಡಿ’ ಅನ್ನುವಲ್ಲಿಗೆ ಮಾತು ಮುಗಿಯುತ್ತದೆ. ಲೆಕ್ಕ ಶುರುವಾಗಬೇಕಾದದ್ದೇ ಅಲ್ಲಿಂದ.

ಒಂದು ಉದಾಹರಣೆ ಹಿಡಿದು ಕೊನೆವರೆಗೂ ಹೋಗೋಣ. ಬೆಂಗಳೂರಿನ ದೊಡ್ಡ ಅಪಾರ್ಟ್‌ಮೆಂಟಿನ ನೆಲಮಾಳಿಗೆ ಎಂದುಕೊಳ್ಳಿ. 1000 ಕೆವಿಎ ಟ್ರಾನ್ಸ್‌ಫಾರ್ಮರ್, ಅದರ 433 ವೋಲ್ಟ್ ಪ್ಯಾನೆಲ್ಲಿನಿಂದ ಹೊರಟು 60 ಮೀಟರ್ ಓಡುವ ಲ್ಯಾಡರ್ ಟ್ರೇ, ಅಂದರೆ ಎರಡು ಪಕ್ಕದ ರೈಲಿನ ನಡುವೆ ಏಣಿಯ ಮೆಟ್ಟಿಲಿನಂತೆ ರಂಗ್‌ಗಳಿರುವ ಟ್ರೇ. ಅಗಲ 600 ಮಿ.ಮೀ, ಪಕ್ಕದ ರೈಲಿನ ಎತ್ತರ 100 ಮಿ.ಮೀ, ತಗಡು 2 ಮಿ.ಮೀ. ಅದರ ಮೇಲೆ ಅಲ್ಯೂಮಿನಿಯಂ ಆರ್ಮರ್ಡ್ (ಉಕ್ಕಿನ ಕವಚದ) ಕೇಬಲ್‌ಗಳು: ಮೂರೂವರೆ ಕೋರ್ (ಮೂರು ಪೂರ್ಣ ಗಾತ್ರದ ತಂತಿ, ಒಂದು ಅರ್ಧದ್ದು) 300 ಸ್ಕ್ವೇರ್ ಎಂಎಂ ನಾಲ್ಕು, ಮೂರೂವರೆ ಕೋರ್ 120 ಮೂರು, ನಾಲ್ಕು ಕೋರ್ 25 ಎರಡು.

ತೂಕ ಕೂಡಿಸುವುದು

ಕೇಬಲ್ ಕ್ಯಾಟಲಾಗಿನಲ್ಲಿ ಕಿಲೋಮೀಟರಿಗೆ ಇಷ್ಟು ಕೆ.ಜಿ ಎಂದಿರುತ್ತದೆ. 1000ದಿಂದ ಭಾಗಿಸಿದರೆ ಮೀಟರಿನ ತೂಕ. ಕಂಪನಿಯಿಂದ ಕಂಪನಿಗೆ ಹತ್ತು ಪರ್ಸೆಂಟ್ ಆಚೀಚೆ ಇರುವುದರಿಂದ, ನಿಮ್ಮ ಸೈಟಿಗೆ ಬರುವ ಕೇಬಲಿನ ಕ್ಯಾಟಲಾಗನ್ನೇ ನೋಡಿ. ಇಲ್ಲಿನ ಲೆಕ್ಕಕ್ಕೆ 300ರ ಕೇಬಲ್ ಮೀಟರಿಗೆ 6 ಕೆ.ಜಿ, ಹೊರವ್ಯಾಸ 60 ಮಿ.ಮೀ, 120ರದ್ದು 2.7 ಕೆ.ಜಿ, 40 ಮಿ.ಮೀ, 25ರದ್ದು 1 ಕೆ.ಜಿ, 25 ಮಿ.ಮೀ ಎಂದು ಹಿಡಿಯುತ್ತೇನೆ. ಒಟ್ಟು 24 + 8.1 + 2 = 34 ಕೆ.ಜಿ. ಒಂದಕ್ಕೊಂದು ತಾಗಿಸಿ ಮಲಗಿಸಿದರೆ 410 ಮಿ.ಮೀ ಅಗಲ ತುಂಬುತ್ತದೆ, 190 ಖಾಲಿ ಉಳಿಯುತ್ತದೆ.

ಆ 190 ಮಿ.ಮೀ ಜಾಗವೇ ಮುಖ್ಯ. ‘ಮುಂದಕ್ಕೆ 25 ಪರ್ಸೆಂಟ್’ ಅಂತ ಸೇರಿಸುವುದು ರೂಢಿ. ಹಾಗೆ ಮಾಡಿದರೆ 43 ಕೆ.ಜಿ ಬರುತ್ತದೆ. ಆದರೆ ಆ ಜಾಗದಲ್ಲಿ ಇನ್ನೂ ಮೂರು 300ರ ಕೇಬಲ್ ಹಿಡಿಯುತ್ತವೆ, ಅಂದರೆ 18 ಕೆ.ಜಿ. ಎರಡು ವರ್ಷದ ನಂತರ ಇವಿ ಚಾರ್ಜರಿಗೋ ಹೊಸ ಡೀಸೆಲ್ ಜನರೇಟರಿಗೋ ಕೇಬಲ್ ಎಳೆಯಲು ಬರುವವರು ನಿಮ್ಮ ಪರ್ಸೆಂಟ್ ನೋಡುವುದಿಲ್ಲ, ಟ್ರೇಯಲ್ಲಿ ಜಾಗ ಇದೆಯೇ ಎಂದಷ್ಟೇ ನೋಡುತ್ತಾರೆ. ಆದ್ದರಿಂದ ಖಾಲಿ ಅಗಲವನ್ನು ಪಟ್ಟಿಯಲ್ಲಿರುವ ಅತಿ ದಪ್ಪ ಕೇಬಲಿನಿಂದ ತುಂಬಿಸಿಯೇ ತೂಕ ಕಟ್ಟಬೇಕು. 34 + 18 = 52 ಕೆ.ಜಿ.

ಅದರ ಮೇಲೆ ಟ್ರೇಯ ಸ್ವಂತ ತೂಕ. ಎರಡು ರೈಲು, ಕಾಲು ಮೀಟರಿಗೊಂದು ರಂಗ್, ಕಪ್ಲರ್, ಬೋಲ್ಟು, ಕ್ಲ್ಯಾಂಪು ಸೇರಿ ಮೀಟರಿಗೆ ಏಳೂವರೆ ಕೆ.ಜಿ. ಎಲ್ಲರೂ ಮರೆಯುವುದು ಟ್ರೇ ಉದ್ದಕ್ಕೂ ಓಡುವ ಅರ್ತ್ ಪಟ್ಟಿಯನ್ನು: 25×6 ಜಿಐ ಪಟ್ಟಿ ಮೀಟರಿಗೆ 1.2 ಕೆ.ಜಿ, ಎರಡು ಓಡಿಸಿದರೆ 2.4. ಅಂತೂ ಒಟ್ಟು 62 ಕೆ.ಜಿ.

ಇನ್ನೊಂದು ಎಚ್ಚರ. ಡ್ರಾಯಿಂಗ್ ಆದಮೇಲೆ ಯಾರೋ ಅಲ್ಯೂಮಿನಿಯಂ ಬದಲು ತಾಮ್ರ ಎಂದು ಬದಲಾಯಿಸಿದರೆ ಈ ಲೆಕ್ಕ ಪೂರ್ತಿ ಬಿದ್ದುಹೋಗುತ್ತದೆ. ಮೂರೂವರೆ ಕೋರ್ 300ರಲ್ಲಿ ಲೋಹದ ಅಡ್ಡಕೊಯ್ತ 1050 ಚದರ ಮಿ.ಮೀ. ತಾಮ್ರದ ಸಾಂದ್ರತೆ 8.9, ಅಲ್ಯೂಮಿನಿಯಂನದು 2.7. ವ್ಯತ್ಯಾಸ 6.2ನ್ನು ಗುಣಿಸಿದರೆ ಅದೇ ಸೈಜಿನ ಒಂದೊಂದು ಕೇಬಲಿಗೂ ಮೀಟರಿಗೆ ಆರೂವರೆ ಕೆ.ಜಿ ಹೆಚ್ಚು. ಅಂದರೆ ತೂಕ ದುಪ್ಪಟ್ಟಿಗಿಂತ ಜಾಸ್ತಿ.

ಟ್ರೇ ಮೇಲೆ ಹತ್ತುವ ಮನುಷ್ಯ

ಟ್ರೇ ನಡೆದಾಡುವ ದಾರಿಯಲ್ಲ ಎಂದು ಪ್ರತಿ ಕಂಪನಿಯ ಕ್ಯಾಟಲಾಗಿನಲ್ಲೂ ಬರೆದಿರುತ್ತದೆ. ಸೈಟಿನಲ್ಲಿ ಮಾತ್ರ ಕೇಬಲ್ ಎಳೆಯುವವರು ಹತ್ತೇ ಹತ್ತುತ್ತಾರೆ. ಏಣಿ ಸಾಕಾಗದೆಡೆ, ಪೈಪುಗಳ ನಡುವೆ ಕೈ ಹೋಗದೆಡೆ ಅವರಿಗೆ ಬೇರೆ ದಾರಿಯೂ ಇರುವುದಿಲ್ಲ. ಅವರನ್ನು ಬೈಯುವ ಬದಲು ಲೆಕ್ಕದಲ್ಲಿ ಸೇರಿಸಿಕೊಳ್ಳುವುದು ನ್ಯಾಯ.

ಎರಡು ಸಪೋರ್ಟಿನ ಮಧ್ಯೆ ನಿಂತ ಮನುಷ್ಯನ ತೂಕ ಒಂದೇ ಬಿಂದುವಿನಲ್ಲಿ ಬೀಳುತ್ತದೆ. ಅದು ಉಂಟುಮಾಡುವ ಬಾಗುವಿಕೆಯ ಒತ್ತಡವನ್ನು ಹರಡಿದ ತೂಕಕ್ಕೆ ಹೊಂದಿಸಲು, ತೂಕದ ಎರಡರಷ್ಟನ್ನು ಸಪೋರ್ಟಿನ ಅಂತರದಿಂದ ಭಾಗಿಸಬೇಕು. 90 ಕೆ.ಜಿ ಆಳು, 1.25 ಮೀಟರ್ ಅಂತರ: 180 ಭಾಗಿಸು 1.25, ಅಂದರೆ ಮೀಟರಿಗೆ 144 ಕೆ.ಜಿ ಹಾಕಿದಂತೆ. ಟ್ರೇ ತುಂಬ ಕೇಬಲ್ ಇದ್ದರೂ 62 ಅಷ್ಟೇ. ಒಬ್ಬನೇ ಮನುಷ್ಯ ಎಲ್ಲ ಕೇಬಲಿಗಿಂತ ಎರಡು ಪಟ್ಟಿಗೂ ಮೇಲೆ ಭಾರ!

ರಂಗ್ ವಿಷಯ ಇನ್ನೂ ಸೂಕ್ಷ್ಮ. ಕೇಬಲಿನಿಂದ ಒಂದು ರಂಗಿಗೆ ಬೀಳುವುದು 13 ಕೆ.ಜಿ, ಅದು ಏನೂ ಅಲ್ಲ. ಆದರೆ 30 ಅಗಲ, 15 ಎತ್ತರ, 2 ಮಿ.ಮೀ ದಪ್ಪದ ಚಾನೆಲ್ ರಂಗಿನ ನಡುಮಧ್ಯೆ 90 ಕೆ.ಜಿ ಹಾಕಿದರೆ ಒತ್ತಡ 600 ಮೆಗಾಪಾಸ್ಕಲ್ (ಚದರ ಮಿ.ಮೀಗೆ 600 ನ್ಯೂಟನ್) ದಾಟುತ್ತದೆ. ಸಾಮಾನ್ಯ ಉಕ್ಕು 250ಕ್ಕೇ ಶಾಶ್ವತವಾಗಿ ಬಗ್ಗಿಬಿಡುತ್ತದೆ. ಹಳೆಯ ಟ್ರೇಗಳಲ್ಲಿ ನಡುವೆ ತೊಟ್ಟಿಲಿನಂತೆ ತಗ್ಗಿದ ರಂಗ್‌ಗಳು ಕಂಡರೆ ಅದು ಕೇಬಲಿನ ಕೆಲಸವಲ್ಲ, ಕಾಲಿನದು. ಕೇಬಲ್ ಎಳೆಯುವ ದಿನ ಮೂರು ಮೂರು ರಂಗಿನ ಮೇಲೆ ಕೂರುವಂತೆ ಮುಕ್ಕಾಲು ಇಂಚಿನ ಪ್ಲೈವುಡ್ ತುಂಡು ಹಾಸಿಕೊಟ್ಟರೆ ತೂಕ ಹಂಚಿಹೋಗುತ್ತದೆ.

ಎಷ್ಟು ದೂರಕ್ಕೊಂದು ಸಪೋರ್ಟ್

ನಮ್ಮ 100 ಮಿ.ಮೀ ರೈಲು ನಿಜಕ್ಕೂ ಗಟ್ಟಿ. 25 ಮಿ.ಮೀ ಅಂಚು ಮಡಚಿದ ಎರಡು ರೈಲು ಸೇರಿ 3 ಮೀಟರ್ ಅಂತರದಲ್ಲಿ 62 ಕೆ.ಜಿ ಹೊತ್ತರೂ ಒತ್ತಡ 44 ಮೆಗಾಪಾಸ್ಕಲ್, ತಗ್ಗುವುದು 4 ಮಿ.ಮೀ ಮಾತ್ರ. ಅದೇ ರೈಲನ್ನು 50 ಮಿ.ಮೀ ಎತ್ತರಕ್ಕೆ ಇಳಿಸಿದರೆ ಬಿಗಿತ ಐದರಲ್ಲೊಂದು ಪಾಲಿಗೆ ಇಳಿಯುತ್ತದೆ. ದಪ್ಪಕ್ಕಿಂತ ಎತ್ತರಕ್ಕೆ ದುಡ್ಡು ಹಾಕುವುದು ಲಾಭ ಅನ್ನುವುದು ಇದಕ್ಕೇ. 1.6ರಿಂದ 2 ಮಿ.ಮೀಗೆ ಹೋದರೆ ಸಿಗುವುದು ಕಾಲುಭಾಗ ಹೆಚ್ಚು, ಅಷ್ಟೆ.

ಹಾಗಾದರೆ 3 ಮೀಟರಿಗೊಂದು ಸಪೋರ್ಟ್ ಕೊಟ್ಟು ಮುಗಿಸಬಾರದೇಕೆ? ಮೊದಲನೆಯದು, ತೆಳು ತಗಡಿನ ಅಂಚು ಒತ್ತಡಕ್ಕೆ ಸಿಕ್ಕಾಗ ಪೂರ್ತಿ ಶಕ್ತಿ ತೋರುವ ಮೊದಲೇ ಪಕ್ಕಕ್ಕೆ ಹೊರಳಿಕೊಳ್ಳುತ್ತದೆ. ಕಾಗದದ ಲೆಕ್ಕಕ್ಕಿಂತ, ಭಾರ ಹೇರಿ ನೋಡಿ ಕಂಪನಿ ಕೊಡುವ ಪರೀಕ್ಷೆಯ ಟೇಬಲ್ಲನ್ನು ನಂಬಬೇಕಾದ ಕಾರಣ ಇದು. ಎರಡನೆಯದು, ನಮ್ಮಲ್ಲಿ ಟ್ರೇ ಸಾಮಾನ್ಯವಾಗಿ ಎರಡೂವರೆ ಮೀಟರಿನ ತುಂಡುಗಳಾಗಿ ಬರುತ್ತದೆ. ಸೇರುವಲ್ಲಿ ಕಪ್ಲರ್ ಪ್ಲೇಟು ಇರುತ್ತದೆ. ಆ ಪ್ಲೇಟು ರೈಲಿನಷ್ಟು ಎತ್ತರ ಇರುವುದಿಲ್ಲ, ಬೋಲ್ಟಿನ ತೂತು ಬೋಲ್ಟಿಗಿಂತ ದೊಡ್ಡದು. ಜಾಯಿಂಟ್ ಎಲ್ಲಿ ಬೀಳುತ್ತದೆ ಎನ್ನುವುದರ ಮೇಲೆ ಇಡೀ ಸಾಲಿನ ಹಣೆಬರಹ ನಿಂತಿದೆ.

ಸಾಲಾಗಿ ಸಪೋರ್ಟ್‌ಗಳ ಮೇಲೆ ಮಲಗಿದ ಟ್ರೇ ಸಪೋರ್ಟಿನ ಮೇಲೆ ಒಂದು ಕಡೆಗೆ ಬಾಗುತ್ತದೆ, ನಡುವೆ ಇನ್ನೊಂದು ಕಡೆಗೆ. ಇವೆರಡರ ಮಧ್ಯೆ, ಸಪೋರ್ಟಿನಿಂದ ಅಂತರದ ಕಾಲುಭಾಗ ದೂರದ ಸುಮಾರಿಗೆ, ಬಾಗುವ ಒತ್ತಡ ಸೊನ್ನೆಯ ಹತ್ತಿರ ಇರುತ್ತದೆ. ಜಾಯಿಂಟ್ ಕೂರಬೇಕಾದದ್ದು ಅಲ್ಲಿ. ನಟ್ಟನಡುವೆ ಬೇಡ, ಸಪೋರ್ಟಿನ ತಲೆಯ ಮೇಲೂ ಬೇಡ.

ಈಗ ರೂಢಿಯ ಒಂದೂವರೆ ಮೀಟರ್ ಏನು ಮಾಡುತ್ತದೆ ನೋಡಿ. ಸಪೋರ್ಟ್ 0, 1.5, 3, 4.5, 6, 7.5 ಮೀಟರಿಗೆ. ಜಾಯಿಂಟ್ 2.5, 5, 7.5ಕ್ಕೆ. ಒಂದು ಜಾಯಿಂಟ್ ಮೂರನೇ ಎರಡು ಭಾಗದಲ್ಲಿ, ಮತ್ತೊಂದು ಮೂರನೇ ಒಂದು ಭಾಗದಲ್ಲಿ, ಮೂರನೆಯದು ಸರಿಯಾಗಿ ಸಪೋರ್ಟಿನ ನೆತ್ತಿಯ ಮೇಲೆ. ಕಪ್ಲರ್ ಬೋಲ್ಟು ಚಾನೆಲ್ಲಿಗೆ ತಗುಲಿ ಟ್ರೇ ಸಮ ಕೂರುವುದಿಲ್ಲ. ಫಿಟ್ಟರ್ ಒಂದು ಬೋಲ್ಟು ಬಿಟ್ಟುಬಿಡುತ್ತಾನೆ.

ಅಂತರವನ್ನು 1.25 ಮೀಟರಿಗೆ ಇಳಿಸಿ, ಮೊದಲ ಸಪೋರ್ಟನ್ನು ಟ್ರೇಯ ತುದಿಯಿಂದ 300 ಮಿ.ಮೀ ಒಳಗೆ ಇಡಿ. ಸಪೋರ್ಟ್‌ಗಳು 0.3, 1.55, 2.8, 4.05, 5.3ಕ್ಕೆ ಬರುತ್ತವೆ. 2.5ರ ಜಾಯಿಂಟ್ 2.8ರ ಸಪೋರ್ಟಿನಿಂದ 300 ಮಿ.ಮೀ, 5ರ ಜಾಯಿಂಟ್ 5.3ರಿಂದ 300 ಮಿ.ಮೀ. ಹೀಗೇ 60 ಮೀಟರ್ ಉದ್ದಕ್ಕೂ ಪ್ರತಿಯೊಂದು ಜಾಯಿಂಟೂ ಕಾಲುಭಾಗದ ಬಿಂದುವಿಗೇ ಬರುತ್ತದೆ. ಹೆಚ್ಚು ಬೇಕಾಗುವುದು ಏಳೆಂಟು ಸಪೋರ್ಟ್. 3 ಮೀಟರಿನ ತುಂಡು ಬಂದರೆ ಅಂತರ 1.5, ಮೊದಲನೆಯದು 375 ಮಿ.ಮೀಗೆ. ತುಂಡಿನ ಉದ್ದದ ಅರ್ಧವೇ ಅಂತರ ಎಂಬುದೇ ಸೂತ್ರ.

ಪರೀಕ್ಷೆಯ ಟೇಬಲ್ ಓದುವಾಗ ಮೂರು ಪ್ರಶ್ನೆ ಕೇಳಿ. ಅಂತರರಾಷ್ಟ್ರೀಯ ಮಾನದಂಡವಾದ ಐಇಸಿ 61537 ಪ್ರಕಾರದ್ದೋ, ಅಮೆರಿಕದ ನೀಮಾ ವಿಇ 1 ಪ್ರಕಾರದ್ದೋ? ಐಇಸಿಯಲ್ಲಿ ಹೇಳಿದ ಭಾರಕ್ಕೆ ಅಂತರದ ನೂರರಲ್ಲೊಂದು ಭಾಗದಷ್ಟು ತಗ್ಗಬಹುದು, 1.7 ಪಟ್ಟು ಹೇರಿದರೂ ಕುಸಿಯಬಾರದು. ನೀಮಾದಲ್ಲಿ ಸುರಕ್ಷೆ 1.5 ಪಟ್ಟು. ಗಲ್ಫಿನ ಸೈಟುಗಳಲ್ಲಿ ಕಾಣುವ 12ಸಿ ಎಂಬ ವರ್ಗ ಇದರದ್ದೇ: 12 ಅಡಿ ಅಂತರ, ಅಡಿಗೆ 100 ಪೌಂಡ್. ಎರಡನೆಯದು, ಜಾಯಿಂಟ್ ಎಲ್ಲಿಟ್ಟು ಪರೀಕ್ಷಿಸಿದ್ದು? ಮೂರನೆಯದು, ಕೊನೆಯ ಅಂತರಕ್ಕೂ ಅದೇ ಭಾರವೇ? ಸಾಲಿನ ಎರಡು ತುದಿಯ ಅಂತರಗಳಲ್ಲಿ ಟ್ರೇ ಒಂದೇ ಕಡೆಗೆ ಮುಂದುವರಿಯುವುದರಿಂದ ಅವು ಹೆಚ್ಚು ತಗ್ಗುತ್ತವೆ. ಅಲ್ಲಿ ಅಂತರ ಕಡಿಮೆ ಮಾಡಬೇಕು. ಅಂದಹಾಗೆ ನೂರರಲ್ಲೊಂದು ಭಾಗ ಅಂದರೆ 1.25 ಮೀಟರಿಗೆ 12 ಮಿ.ಮೀ, ಕೆಳಗೆ ನಿಂತವರಿಗೆ ಜೋತಿದ್ದು ಕಾಣುತ್ತದೆ. ಕಣ್ಣಿಗೆ ಬೀಳುವ ಕಡೆ ಇನ್ನೂರರಲ್ಲೊಂದು ಭಾಗ ಹಿಡಿಯುವುದು ವಾಸಿ.

ಅಂತರ ಹೆಚ್ಚಿಸಿದರೆ ಏನಾಗುತ್ತದೆ ಎಂಬುದಕ್ಕೆ ಒಂದೇ ಸಂಖ್ಯೆ ನೆನಪಿರಲಿ: 1.25ರಿಂದ 2.5ಕ್ಕೆ ಹೋದರೆ ಬಾಗುವ ಒತ್ತಡ ನಾಲ್ಕು ಪಟ್ಟು, ತಗ್ಗುವುದು ಹದಿನಾರು ಪಟ್ಟು.

ಗೋಡೆಯ ಬ್ರಾಕೆಟ್

ಒಂದು ಸಪೋರ್ಟಿಗೆ 62 × 1.25 = 78 ಕೆ.ಜಿ. ಆದರೆ ಸಾಲಾಗಿ ಹೋಗುವ ಟ್ರೇಯಲ್ಲಿ ತುದಿಯಿಂದ ಎರಡನೇ ಸಪೋರ್ಟು ತನ್ನ ಪಾಲಿಗಿಂತ ಹೆಚ್ಚು ಹೊರುತ್ತದೆ, ಎರಡೇ ಅಂತರವಿದ್ದರೆ ಕಾಲುಭಾಗದಷ್ಟು ಹೆಚ್ಚು. ಎಲ್ಲ ಸಪೋರ್ಟಿಗೂ ಅದನ್ನೇ ಹಿಡಿದರೆ 98, ಅಂದರೆ 100 ಕೆ.ಜಿ, ಒಂದು ಕಿಲೋನ್ಯೂಟನ್. ಇನ್ನು ಮುಂದಿನ ಲೆಕ್ಕವೆಲ್ಲ ಈ ಒಂದರ ಮೇಲೆ.

ಗೋಡೆಯಿಂದ 700 ಮಿ.ಮೀ ಚಾಚಿದ 50×50×6 ಆ್ಯಂಗಲ್. ಟ್ರೇಯ ನಡುಗೆರೆ ಗೋಡೆಯಿಂದ 350 ಮಿ.ಮೀ. ಬುಡದಲ್ಲಿ ಬಾಗಿಸುವ ಪರಿಣಾಮ (ಭಾರ ಗುಣಿಸು ದೂರ) 0.35 ಕಿಲೋನ್ಯೂಟನ್ ಮೀಟರ್. ಆ ಆ್ಯಂಗಲಿನ ಸೆಕ್ಷನ್ ಮಾಡ್ಯುಲಸ್ (ಬಾಗುವುದನ್ನು ತಡೆಯುವ ಶಕ್ತಿಯ ಅಳತೆ) 3.6 ಘನ ಸೆಂ.ಮೀ, ಒತ್ತಡ 97 ಮೆಗಾಪಾಸ್ಕಲ್, ಆರಾಮ. ಈಗ ಹೊರ ಅಂಚಿನ ರೈಲಿನ ಮೇಲೆ, 650 ಮಿ.ಮೀ ದೂರದಲ್ಲಿ, ನಮ್ಮ 90 ಕೆ.ಜಿ ಆಳು ಕಾಲಿಟ್ಟ ಎನ್ನಿ. ಒತ್ತಡ 260ಕ್ಕೆ ಜಿಗಿಯುತ್ತದೆ. ಆ್ಯಂಗಲ್ ಬಾಗಿತು, ಇನ್ನು ನೆಟ್ಟಗಾಗುವುದಿಲ್ಲ. ಕೆಳಗಿನಿಂದ ಓರೆಯಾಗಿ ಒಂದು ಆಸರೆ ಆ್ಯಂಗಲ್ ಕೊಟ್ಟರೆ ಸಮಸ್ಯೆ ಇಲ್ಲ. ಓರೆ ಆಸರೆಗೆ ಜಾಗವಿಲ್ಲದಿದ್ದರೆ 75ರ ಚಾನೆಲ್ ಹಾಕಿ: ಅದರ ಮಾಡ್ಯುಲಸ್ 20, ಕೇಬಲ್ ಭಾರಕ್ಕೆ 18 ಮೆಗಾಪಾಸ್ಕಲ್, ಆಳು ಹತ್ತಿದರೂ 47ರ ಆಸುಪಾಸು. ತೂಕ ಮೀಟರಿಗೆ ಎರಡೂವರೆ ಕೆ.ಜಿಯಷ್ಟೇ ಜಾಸ್ತಿ.

ಬ್ರಾಕೆಟ್ ಉಳಿದರೂ ಬೋಲ್ಟು ಉಳಿಯಬೇಕಲ್ಲ. ಬುಡದ ಪ್ಲೇಟಿನ ಮೇಲಿನ ಬೋಲ್ಟಿನಿಂದ ಕೆಳ ಅಂಚಿಗೆ 120 ಮಿ.ಮೀ ಇದ್ದರೆ, 0.35ನ್ನು 0.12ರಿಂದ ಭಾಗಿಸಿ: ಮೇಲಿನ ಬೋಲ್ಟುಗಳನ್ನು ಗೋಡೆಯಿಂದ ಹೊರಕ್ಕೆ ಎಳೆಯುವ ಬಲ 2.9 ಕಿಲೋನ್ಯೂಟನ್. ಹೊತ್ತ ತೂಕ 100 ಕೆ.ಜಿ, ಬೋಲ್ಟು ಕೀಳುವ ಬಲ 290 ಕೆ.ಜಿ! ಆಳು ನಿಂತಾಗ ಅದೇ 7.8 ಕಿಲೋನ್ಯೂಟನ್. ಪ್ಲೇಟಿನ ಎತ್ತರ ಹೆಚ್ಚಿಸಿ ಬೋಲ್ಟಿನ ಅಂತರ 240 ಮಾಡಿದರೆ ಎಲ್ಲ ಅರ್ಧಕ್ಕೆ ಇಳಿಯುತ್ತದೆ. ಇದಕ್ಕಿಂತ ಅಗ್ಗದ ಸುಧಾರಣೆ ಇಡೀ ಕೆಲಸದಲ್ಲಿ ಬೇರೊಂದಿಲ್ಲ.

ಇದೆಲ್ಲ ಕಾಂಕ್ರೀಟ್ ಗೋಡೆಗೆ. ನಮ್ಮ ಕಟ್ಟಡಗಳಲ್ಲಿ ಒಳಗೋಡೆಗಳು ಹೆಚ್ಚಾಗಿ ಸಿಮೆಂಟ್ ಬ್ಲಾಕು ಇಲ್ಲವೇ ಹಗುರದ ಎಎಸಿ ಬ್ಲಾಕು. ಅರಳಿ ಹಿಡಿಯುವ ಫಾಸ್ಟನರ್ ಅಲ್ಲಿ ಬಿಗಿದಷ್ಟೂ ಬ್ಲಾಕನ್ನು ಒಳಗಿನಿಂದ ಸೀಳುತ್ತದೆ. ಗೋಡೆಯ ಆಚೆ ಬದಿಗೆ 100×100×6ರ ಪ್ಲೇಟು ಇಟ್ಟು ಗೋಡೆ ತೂರಿ ಹೋಗುವ ಬೋಲ್ಟು ಹಾಕುವುದೇ ಗಟ್ಟಿ ಉಪಾಯ. ಅದಾಗದಿದ್ದರೆ ನೆಲದಿಂದ ಕಂಬ ನಿಲ್ಲಿಸಿ, ಗೋಡೆಯನ್ನು ಬರೀ ಪಕ್ಕದ ಆಸರೆಗೆ ಬಳಸಿ.

ಸ್ಲ್ಯಾಬಿನಿಂದ ತೂಗುಹಾಕುವುದು

ಎರಡು ರಾಡು, ಕೆಳಗೊಂದು ಅಡ್ಡ ಚಾನೆಲ್, ಅದರ ಮೇಲೆ ಟ್ರೇ. ನೆಲಮಾಳಿಗೆಯಲ್ಲಿ ಕಾಣುವುದು ಬಹುತೇಕ ಇದೇ. ಲ್ಯಾಡರ್ ಟ್ರೇ ತನ್ನ ಭಾರವನ್ನು ಎರಡು ರೈಲಿನ ಮೂಲಕ ರಾಡಿನ ಪಕ್ಕಕ್ಕೇ ಇಳಿಸುವುದರಿಂದ ಅಡ್ಡ ಚಾನೆಲ್ಲಿಗೆ ಹೆಚ್ಚು ಕೆಲಸವಿಲ್ಲ, 41×41ರ ಸ್ಟ್ರಟ್ ಚಾನೆಲ್ ಧಾರಾಳ. ಮೂರು ಅಂತಸ್ತು ತೂಗಿದರೆ ಒಟ್ಟು ಮೂರು ಕಿಲೋನ್ಯೂಟನ್, ಒಂದು ರಾಡಿಗೆ ಒಂದೂವರೆ. ದಪ್ಪ ಕೇಬಲ್‌ಗಳೆಲ್ಲ ಒಂದೇ ಬದಿಗೆ ಮಲಗಿದ್ದರೆ ಆ ಬದಿಯ ರಾಡಿಗೆ ಎರಡು. ಎಂ10 ರಾಡಿನ ಎಳೆಯ (ಥ್ರೆಡ್ಡಿನ) ಅಡ್ಡಕೊಯ್ತ 58 ಚದರ ಮಿ.ಮೀ, ಒತ್ತಡ 35ರ ಒಳಗೆ. ರಾಡು ನಗುತ್ತಾ ಹೊರುತ್ತದೆ.

ಹೊರಲಾರದ್ದು ಮೇಲಿನ ಡ್ರಾಪ್-ಇನ್ ಆಂಕರ್, ಅಂದರೆ ತೂತಿಗೆ ಇಳಿಸಿ ಒಳಗೆ ಅರಳಿಸುವ ಆಂಕರ್. ಎಂ10ರ ಮಾಮೂಲಿ ಆಂಕರ್ ಕಾಂಕ್ರೀಟಿನೊಳಗೆ ಹೋಗುವುದು 40 ಮಿ.ಮೀ. ಸ್ಲ್ಯಾಬಿನ ಕೆಳಮುಖದಲ್ಲಿ ಕಂಬಿಯ ಹೊದಿಕೆಯೇ 20 ಮಿ.ಮೀ. ಅಂದರೆ ಆಂಕರಿನ ಅರ್ಧ ಹೊದಿಕೆಯಲ್ಲೇ ಕೂತಿರುತ್ತದೆ. ಸಾಲದ್ದಕ್ಕೆ ಸ್ಲ್ಯಾಬಿನ ನಡುಭಾಗದ ಕೆಳಮುಖ ಎಳೆತಕ್ಕೆ ಸಿಕ್ಕಿರುವ ಜಾಗ. ಕೂದಲೆಳೆಯ ಬಿರುಕು ಅಲ್ಲಿ ಸಹಜ, ಆ ಬಿರುಕು ತೂತನ್ನು ಹಾದುಹೋದರೆ ಆಂಕರಿನ ಹಿಡಿತ ಸಡಿಲ. ಹಾಗಾಗಿ ಕಂಪನಿಯ ಪಟ್ಟಿಯಲ್ಲಿ ಬಿರುಕುಬಿಟ್ಟ ಕಾಂಕ್ರೀಟಿನ ಸಾಲನ್ನೇ ನೋಡಬೇಕು. ಅಲ್ಲಿ ಸಿಗುವ ಸಂಖ್ಯೆ ಎರಡು ಕಿಲೋನ್ಯೂಟನ್ನಿಗೆ ಸಾಲದಿದ್ದರೆ ಎಂ12ಕ್ಕೋ ಬೀಮಿನ ಪಕ್ಕಕ್ಕೋ ಹೋಗಿ. ಬೀಮಿನ ಪಕ್ಕಕ್ಕೆ ಆ್ಯಂಗಲ್ ಕ್ಲೀಟು ಹಾಕಿ ರಾಡು ಇಳಿಬಿಟ್ಟರೆ ಬೋಲ್ಟಿನ ಮೇಲೆ ಎಳೆತದ ಬದಲು ಹೆಚ್ಚಾಗಿ ಕತ್ತರಿ ಬಲ ಬೀಳುತ್ತದೆ. ನನ್ನ ಮಟ್ಟಿಗೆ ಮೂರು ಅಂತಸ್ತಿನ ಟ್ರೇಗೆ ಅದೇ ಮೊದಲ ಆಯ್ಕೆ.

ಕೂರಿಸುವ ರೀತಿಯಲ್ಲೇ ಅರ್ಧ ತಪ್ಪು ನಡೆಯುತ್ತದೆ. ತೂತು ಕೊರೆದ ಮೇಲೆ ಪುಡಿ ಊದಿ ತೆಗೆಯಬೇಕು. ಆಂಕರ್ ಒಳಗಿನ ಶಂಕುವನ್ನು ಸೆಟ್ಟಿಂಗ್ ಟೂಲಿನಿಂದ, ಅದರ ಭುಜ ಆಂಕರಿನ ಬಾಯಿಗೆ ತಾಗುವವರೆಗೂ ಹೊಡೆಯಬೇಕು. ತಾಗದಿದ್ದರೆ ಆಂಕರ್ ಅರಳಿಲ್ಲ, ಬರೀ ಬಿಗಿಗೆ ನಿಂತಿದೆ ಎಂದರ್ಥ. ಟೂಲ್ ಇಲ್ಲವೆಂದು ಕಂಬಿ ತುಂಡಿನಲ್ಲಿ ಹೊಡೆಯುವವರಿದ್ದಾರೆ. ಆ ಆಂಕರ್ ಕೇಬಲ್ ಬೀಳುವವರೆಗೂ ಚೆನ್ನಾಗಿಯೇ ಕಾಣುತ್ತದೆ. ರಾಡು ತಿರುಗಿಸುವ ಮೊದಲು ತುದಿಯಿಂದ 12 ಮಿ.ಮೀಗೆ ಮಾರ್ಕರಿನಲ್ಲಿ ಗೆರೆ ಎಳೆಯಿರಿ. ಎಂ10ರ ಎಳೆ 1.5 ಮಿ.ಮೀ, ಎಂಟು ಸುತ್ತು ಹೋದರೆ ಗೆರೆ ಮುಚ್ಚಿತು. ಗೆರೆ ಹೊರಗೆ ಕಂಡರೆ ರಾಡು ಎರಡು ಮೂರು ಎಳೆಯಲ್ಲಿ ನೇತಾಡುತ್ತಿದೆ. ನೂರಕ್ಕೆ ಕೆಲವನ್ನಾದರೂ ಪುಲ್ ಟೆಸ್ಟರ್ ಹಾಕಿ ಭಾರದ ಒಂದೂವರೆ ಪಟ್ಟು ಎಳೆದು ನೋಡಿ.

ಪೋಸ್ಟ್-ಟೆನ್ಷನ್ ಸ್ಲ್ಯಾಬ್ ಇದ್ದರೆ, ಐಟಿ ಕಟ್ಟಡ, ಮಾಲ್‌ಗಳಲ್ಲಿ ಇದು ಸಾಮಾನ್ಯ, ಟೆಂಡನ್ (ಸ್ಲ್ಯಾಬಿನೊಳಗೆ ಎಳೆದು ಬಿಗಿದ ಉಕ್ಕಿನ ಹಗ್ಗ) ಹೋಗಿರುವ ಗೆರೆಗಳನ್ನು ಸ್ಟ್ರಕ್ಚರಲ್ ಡ್ರಾಯಿಂಗಿನಿಂದ ಸ್ಲ್ಯಾಬಿನ ಕೆಳಮುಖಕ್ಕೆ ಗುರುತು ಹಾಕದೆ ಡ್ರಿಲ್ ಎತ್ತಲೇಬಾರದು. ಬಿಗಿದ ಟೆಂಡನ್ ಕತ್ತರಿಸಿದರೆ ಅಪಾಯ ಟ್ರೇಗಲ್ಲ, ಮನುಷ್ಯರಿಗೆ.

ಪೀಣ್ಯ, ದಾಬಸ್‌ಪೇಟೆಯ ಪಿಇಬಿ (ಮೊದಲೇ ತಯಾರಿಸಿ ತಂದು ಜೋಡಿಸುವ ಉಕ್ಕಿನ) ಶೆಡ್ಡುಗಳ ಕಥೆ ಬೇರೆ. ಛಾವಣಿ ತಗಡನ್ನು ಹೊರುವ ತೆಳು ಝೆಡ್ ಪರ್ಲಿನ್‌ಗೆ ರಾಡು ತೂಗಬೇಡಿ. ಮುಖ್ಯ ರಾಫ್ಟರಿನಿಂದ ರಾಫ್ಟರಿಗೆ ಒಂದು ಚಾನೆಲ್ ಓಡಿಸಿ ಅದರಿಂದ ತೂಗಿ. ಶೆಡ್ಡಿನ ಡ್ರಾಯಿಂಗಿನಲ್ಲಿ ಕೊಲ್ಯಾಟರಲ್ ಲೋಡ್ ಎಂದು ಬರೆದ ಸಂಖ್ಯೆ ಮೊದಲು ನೋಡಿ. ಅದರಲ್ಲಿ ಲೈಟು, ಸ್ಪ್ರಿಂಕ್ಲರ್, ಡಕ್ಟ್ ಎಲ್ಲದರ ಪಾಲೂ ಇದೆ.

ತಿರುವು

ರಾಡಿನಲ್ಲಿ ತೂಗಿದ ಟ್ರೇ ಉಯ್ಯಾಲೆಯಂತೆ. ಕೆಳಗೆ ಹೊರುತ್ತದೆ, ಪಕ್ಕಕ್ಕೆ ತಡೆಯುವುದಿಲ್ಲ. 300ರ ಕೇಬಲನ್ನು ರೋಲರ್ ಇಲ್ಲದೆ 60 ಮೀಟರ್ ಎಳೆದರೆ ಘರ್ಷಣೆ 0.5 ಎಂದು ಹಿಡಿದರೂ 180 ಕೆ.ಜಿ ಬಲ ಬೇಕು. ಆ ಎಳೆತ 90 ಡಿಗ್ರಿ ತಿರುವಿಗೆ ಬಂದಾಗ ತಿರುವನ್ನು ಒಳಮೂಲೆಗೆ ದೂಡುವ ಬಲ 1.4 ಪಟ್ಟು, 250 ಕೆ.ಜಿ. ತಿರುವನ್ನು ದಾಟುವಷ್ಟರಲ್ಲಿ ಎಳೆತ ಎರಡು ಪಟ್ಟು ದಾಟಿ ಏರಿರುತ್ತದೆ. ರೋಲರ್ ಇಟ್ಟರೆ ನೇರ ಓಟದ ಎಳೆತ 70 ಕೆ.ಜಿಗೆ ಇಳಿಯುತ್ತದೆ. ಹೀಗಿರುವಾಗ ತಿರುವಿನ ಎರಡೂ ಬದಿಗೆ 600 ಮಿ.ಮೀ ಒಳಗೆ ಒಂದೊಂದು ಸಪೋರ್ಟ್, ದೊಡ್ಡ ತಿರುವಾದರೆ ನಡುವೆಯೂ ಒಂದು, ಮತ್ತು ಓರೆಯಾಗಿ ಸ್ಲ್ಯಾಬಿಗೆ ಹಿಡಿದ ಆ್ಯಂಗಲ್ ಬೇಕೇ ಬೇಕು. ನೇರ ಓಟದಲ್ಲೂ ಹತ್ತು ಹನ್ನೆರಡು ಮೀಟರಿಗೊಂದು ಓರೆ ಹಿಡಿಕೆ ಕೊಡಿ.

ತಿರುವಿನ ತ್ರಿಜ್ಯವನ್ನೂ ಇಲ್ಲೇ ನೋಡಿಬಿಡಿ. ಇಂಥ ಕೇಬಲಿಗೆ ವ್ಯಾಸದ 12 ಪಟ್ಟು ಅಂದರೆ 720 ಮಿ.ಮೀ ಬೇಕು. ಅಂಗಡಿಯಲ್ಲಿ ಸಿದ್ಧವಾಗಿ ಸಿಗುವ 300ರ ತಿರುವು ತಂದರೆ ಕೇಬಲ್ ರೈಲು ಬಿಟ್ಟು ಮೇಲೆದ್ದು, ಭಾರವೆಲ್ಲ ಒಂದೇ ರಂಗಿನ ಮೇಲೆ ಕೂರುತ್ತದೆ.

ಶಾಫ್ಟಿನಲ್ಲಿ ಮೇಲೇರುವಾಗ

ನಿಂತ ಟ್ರೇಯಲ್ಲಿ ಕೇಬಲಿನ ತೂಕ ರಂಗಿನ ಮೇಲೆ ಮಲಗುವುದಿಲ್ಲ, ಕ್ಲ್ಯಾಂಪಿನಿಂದ ಜೋತುಬೀಳುತ್ತದೆ. 3.2 ಮೀಟರ್ ಎತ್ತರದ ಮಹಡಿಗೆ ನಮ್ಮ ಟ್ರೇ 200 ಕೆ.ಜಿ. ಪ್ರತಿ ಮಹಡಿಯ ಸ್ಲ್ಯಾಬಿನಲ್ಲೂ ಆ 200ನ್ನು ಇಳಿಸಬೇಕು. ಹನ್ನೆರಡು ಮಹಡಿಯ ಭಾರ ಕೂಡಿ ಕೆಳಗಿನ ಒಂದು ಬ್ರಾಕೆಟ್ಟಿಗೆ ಬಂದರೆ ಎರಡು ಟನ್ ದಾಟುತ್ತದೆ. ನೈಲಾನ್ ಟೈ ಇಲ್ಲಿ ಲೆಕ್ಕಕ್ಕಿಲ್ಲ.

ಸಿಂಗಲ್ ಕೋರ್ ಕೇಬಲ್ ಮೂರನ್ನು ತ್ರಿಕೋನವಾಗಿ ಕಟ್ಟಿ ಓಡಿಸಿದ್ದರೆ ಶಾರ್ಟ್ ಸರ್ಕ್ಯೂಟಿನ ಬಲವನ್ನೂ ನೋಡಬೇಕು. 1000 ಕೆವಿಎ, 5 ಪರ್ಸೆಂಟ್ ಇಂಪೀಡೆನ್ಸ್: ಪೂರ್ಣ ಕರೆಂಟ್ 1333 ಆಂಪಿಯರ್, ಶಾರ್ಟ್ ಆದರೆ 26.7 ಕಿಲೋ ಆಂಪಿಯರ್, ಮೊದಲ ಶಿಖರ 2.1 ಪಟ್ಟು ಹಿಡಿದರೆ 56. ಐಇಸಿ 61914ರ ಸೂತ್ರದಂತೆ ಶಿಖರದ ವರ್ಗವನ್ನು 0.17ರಿಂದ ಗುಣಿಸಿ, ಕೇಬಲ್‌ಗಳ ನಡುಗೆರೆಗಳ ಅಂತರದಿಂದ ಭಾಗಿಸಬೇಕು. 35 ಮಿ.ಮೀ ಅಂತರಕ್ಕೆ ಮೀಟರಿಗೆ 15 ಕಿಲೋನ್ಯೂಟನ್, ಅಂದರೆ ಒಂದೂವರೆ ಟನ್ ಬಲದಿಂದ ಕೇಬಲ್‌ಗಳು ಒಂದನ್ನೊಂದು ದೂಡುತ್ತವೆ. 600 ಮಿ.ಮೀಗೊಂದು ಕ್ಲೀಟು (ಕೇಬಲ್‌ಗಳನ್ನು ಹಿಡಿದಿಡುವ ಕ್ಲ್ಯಾಂಪು) ಹಾಕಿದರೆ ಪ್ರತಿ ಕ್ಲೀಟಿಗೂ 9 ಕಿಲೋನ್ಯೂಟನ್. ಪರೀಕ್ಷೆಯ ಸರ್ಟಿಫಿಕೇಟ್ ಇಲ್ಲದ ಕ್ಲೀಟು ತರಬೇಡಿ.

ಬಯಲಿಗೆ ಬಂದರೆ

ಮೇಲ್ಛಾವಣಿಯ ಸೋಲಾರ್ ಕೇಬಲಿನ ಟ್ರೇ ಹಗುರ, 300 ಅಗಲದ್ದು ಮುಚ್ಚಳ ಸಮೇತ ಮೀಟರಿಗೆ ಏಳೆಂಟು ಕೆ.ಜಿ. ಇಲ್ಲಿ ಭಯ ಬೀಳುವುದರದ್ದಲ್ಲ, ಹಾರುವುದರದ್ದು. ಭಾರತೀಯ ಮಾನದಂಡ ಐಎಸ್ 875ರ ಮೂರನೇ ಭಾಗದಲ್ಲಿ ಬೆಂಗಳೂರಿಗೆ ಮೂಲ ಗಾಳಿವೇಗ ಸೆಕೆಂಡಿಗೆ 33 ಮೀಟರ್, ಮಂಗಳೂರಿಗೆ 39. ವೇಗದ ವರ್ಗಕ್ಕೆ 0.6 ಗುಣಿಸಿದರೆ ಚದರ ಮೀಟರಿಗೆ 653 ನ್ಯೂಟನ್, ಮಂಗಳೂರಿನಲ್ಲಿ 913. ಎತ್ತರ, ಅಂಚಿನ ಗುಣಕಗಳನ್ನು ಸೇರಿಸುವ ಮೊದಲೇ ಬೆಂಗಳೂರಿನಲ್ಲಿ ಮುಚ್ಚಳದ ಮೇಲೆ ಮೀಟರಿಗೆ 20 ಕೆ.ಜಿ ಎತ್ತುವ ಬಲ. ಬರೀ ಕಾಂಕ್ರೀಟ್ ಬ್ಲಾಕಿನ ಮೇಲೆ ಇಟ್ಟ ಟ್ರೇ ಮುಂಗಾರಿಗೆ ಮುಂಚಿನ ಗಾಳಿಗೇ ಏಳುತ್ತದೆ. ಬ್ಲಾಕಿನ ತೂಕ ಲೆಕ್ಕ ಹಾಕಿ, ಟ್ರೇಯನ್ನು ಅದಕ್ಕೆ ಬೋಲ್ಟು ಮಾಡಿ, ಮುಚ್ಚಳಕ್ಕೆ ಸ್ಟೀಲ್ ಪಟ್ಟಿ ಸುತ್ತಿ.

ಬಿಸಿಲಿಗೆ 30 ಮೀಟರ್ ಟ್ರೇ 45 ಡಿಗ್ರಿ ಏರಿಳಿದರೆ 16 ಮಿ.ಮೀ ಉದ್ದವಾಗುತ್ತದೆ. ಒಂದು ಸಪೋರ್ಟಿಗೆ ಬಿಗಿದು ಉಳಿದವುಗಳಲ್ಲಿ ಜಾರಲು ಬಿಡಿ, ನಡುವೆ ಉದ್ದ ತೂತಿನ ಕಪ್ಲರ್ ಹಾಕಿ, ಅರ್ತ್ ಜಂಪರನ್ನು ಸಡಿಲವಾಗಿ ಬಿಡಿ.

ಕಲಬುರಗಿ ಕಡೆಯ ಸಿಮೆಂಟ್ ಕಾರ್ಖಾನೆಗಳಲ್ಲಿ ಟ್ರೇ ಮೇಲೆ 20 ಮಿ.ಮೀ ಪುಡಿ ಕೂತರೆ 600 ಅಗಲಕ್ಕೆ ಮೀಟರಿಗೆ 17 ಕೆ.ಜಿ. ಅಲ್ಲಿ ಟ್ರೇಯನ್ನು ಗೋಡೆಗೆ ಅಂಚಾಗಿ ನಿಲ್ಲಿಸುವುದೇ ಜಾಣತನ. ಕಾರವಾರ, ಮಂಗಳೂರಿನ ಉಪ್ಪುಗಾಳಿಗೆ 120 ಜಿಎಸ್‌ಎಂ (ಎರಡೂ ಮುಖ ಸೇರಿ ಚದರ ಮೀಟರಿಗೆ 120 ಗ್ರಾಂ ಸತು) ತಗಡಿನ ಟ್ರೇ ಸಲ್ಲದು: ಒಂದು ಮುಖಕ್ಕೆ ಸತು ಎಂಟೂವರೆ ಮೈಕ್ರಾನ್ ಅಷ್ಟೇ. ಹಾಟ್ ಡಿಪ್ ಮಾಡಿದ (ಕರಗಿದ ಸತುವಿನಲ್ಲಿ ಅದ್ದಿದ) 2 ಮಿ.ಮೀ ಟ್ರೇಯಲ್ಲಿ 60ರ ಆಸುಪಾಸು ಸಿಗುತ್ತದೆ. ಹಾಟ್ ಡಿಪ್ ಟ್ರೇ ತಂದು ಬ್ರಾಕೆಟ್ಟಿಗೆ ವೆಲ್ಡ್ ಮಾಡಿದರೆ ಆ ಜಾಗದ ಸತು ಸುಟ್ಟುಹೋಯಿತು. ಕ್ಲ್ಯಾಂಪು, ಬೋಲ್ಟಿನಲ್ಲೇ ಹಿಡಿಯಿರಿ.

ಇಷ್ಟೆಲ್ಲ ಲೆಕ್ಕ ಮಾಡಿ ನಿಲ್ಲಿಸಿದ ರಾಡುಗಳಿಗೆ ಆರು ತಿಂಗಳ ನಂತರ ಪ್ಲಂಬರ್ ಬಂದು 100 ಮಿ.ಮೀ ಸ್ಪ್ರಿಂಕ್ಲರ್ ಪೈಪು ನೇತುಹಾಕುವುದು ನೆಲಮಾಳಿಗೆಗಳಲ್ಲಿ ದಿನನಿತ್ಯದ ದೃಶ್ಯ. ನೀರು ತುಂಬಿದ ಆ ಪೈಪು ಮೀಟರಿಗೆ 21 ಕೆ.ಜಿ, 3 ಮೀಟರಿಗೊಂದು ಹಿಡಿಕೆಯೆಂದರೆ ಒಂದು ರಾಡಿಗೆ 63 ಕೆ.ಜಿ. ನಮ್ಮ ಒಂದು ಅಂತಸ್ತಿನ ಭಾರದ ಮೂರನೇ ಎರಡು ಪಾಲು ಲೆಕ್ಕವಿಲ್ಲದೆ ಆ ಆಂಕರಿಗೆ ಬಂತು. ಪೈಪಿಗೆ ಅದರದ್ದೇ ಆಂಕರ್ ಹಾಕಿಸಿ. ಟ್ರೇ ಸಾಲಿನಲ್ಲಿ ಹತ್ತು ಮೀಟರಿಗೊಂದರಂತೆ ತಗಡಿನ ಪಟ್ಟಿ ಕಟ್ಟಿ, ‘ಈ ಸಪೋರ್ಟಿನ ಮಿತಿ ಒಂದು ಅಂತಸ್ತಿಗೆ 100 ಕೆ.ಜಿ, ಬೇರೇನೂ ತೂಗಬಾರದು’ ಎಂದು ಬಣ್ಣದಲ್ಲಿ ಬರೆಸಿ.